ಇಲ್ಲದ ಕಾರ್ಖಾನೆಯ ಹತ್ತಿರದ ಮನೆ

ನಮ್ಮ ಮನೆಯ ವಿಳಾಸದಲ್ಲಿ ಒಂದು ಸಕ್ಕರೆ ಕಾರ್ಖಾನೆ ಇದೆ. ಅದು ಕಬ್ಬು ಅರೆಯುವುದನ್ನು ನಿಲ್ಲಿಸಿ ಒಂದು ತಲೆಮಾರೇ ಕಳೆದಿದೆ. ಆದರೂ ಕೊರಿಯರ್ ಹುಡುಗ ಫೋನು ಮಾಡಿ "ಎಲ್ಲಿಗ್ ಬರ್ಲಿ ಸರ್?" ಎಂದರೆ ನನ್ನ ಬಾಯಿಂದ ತಾನಾಗಿ ಹೊರಡುವುದು "ಮಲವಗೊಪ್ಪ, ಶುಗರ್ ಫ್ಯಾಕ್ಟರಿ ಹತ್ರ" ಎಂಬ ಮಾತೇ. ಆ ಹುಡುಗ ಹುಟ್ಟುವ ಮೊದಲೇ ಅದರ ಬಾಯ್ಲರು ಆರಿತ್ತು. ಅವನು ಅದನ್ನೆಲ್ಲ ವಿಚಾರಿಸಲು ಹೋಗದೆ "ಸರಿ ಸರ್" ಎಂದು ನೆಟ್ಟಗೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಬಿ.ಎಚ್. ರಸ್ತೆ ಹಿಡಿದು ಭದ್ರಾವತಿಯವರೆಗೆ ಹೋದರೂ ಇದೇ ಕತೆ. ಅಲ್ಲಿ ಪೇಪರ್‌ಟೌನ್ ಎಂಬ ಬಡಾವಣೆ ಇದೆ; 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆಯಿಂದ ಒಂದು ಹಾಳೆಯೂ ಹೊರಗೆ ಬರದೆ ವರ್ಷಗಳಾದವು, ಪೇಪರ್‌ಟೌನಿನವರು ಮಾತ್ರ ಪೇಪರ್‌ಟೌನಿನವರೇ. ಅದೇ ಊರಿನಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ಕಾರ್ಖಾನೆಯನ್ನು ಮುಚ್ಚುತ್ತಾರಂತೆ, ಇಲ್ಲವಂತೆ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದು ಹೋಗಿ ಮಾಡುತ್ತಿರುತ್ತದೆ. ಮುಚ್ಚಲಿ ಬಿಡಲಿ, ಬಸ್ಸಿನ ಕಂಡಕ್ಟರ್ ಕೂಗುವ ಸ್ಟಾಪುಗಳ ಪಟ್ಟಿ ಬದಲಾಗುವುದಿಲ್ಲ. ನಮ್ಮ ಕಡೆ ಕಾರ್ಖಾನೆ ಮುಚ್ಚಬಹುದು, ಅದರ 'ಹತ್ರ' ಮುಚ್ಚುವುದಿಲ್ಲ.

ಇದರಲ್ಲೊಂದು ದೋಷವಿದೆ ಎಂದು ಐವತ್ತು ದಾಟುವವರೆಗೆ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದು ಅಟ್ಟದ ಮೇಲಿದ್ದ ಮಗಳ ಡೇಟಾಬೇಸ್ ಪುಸ್ತಕ.

ನಾನು ಸೊಸೈಟಿಯೊಂದರ ಗುಮಾಸ್ತ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರಿಗೆ ಹತ್ತಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತಲ್ಲ, ಆ ಗಾಳಿ ಸುತ್ತಿ ಬಳಸಿ ನಮ್ಮ ಲೆಡ್ಜರಿನ ಬೀರುವಿನ ತನಕವೂ ಬೀಸಿತು. ತರಬೇತಿಯೂ ಆಯಿತು. ಯಾವ ಗುಂಡಿ ಒತ್ತಬೇಕೆಂದು ಚೆನ್ನಾಗಿಯೇ ಹೇಳಿಕೊಟ್ಟರು. ಒತ್ತಿದ ಮೇಲೆ ಒಳಗೇನಾಗುತ್ತದೆ ಎಂದು ಕೇಳಿದೆ. "ಅದು ಬ್ಯಾಕೆಂಡು ಸರ್, ನಿಮಗೆ ಬೇಡ" ಎಂದರು. ಬೇಡ ಎಂದದ್ದೇ ಬೇಕೆನಿಸುವ ವಯಸ್ಸು ಒಂದು ಹದಿನಾರಕ್ಕೆ ಬರುತ್ತದೆ, ಇನ್ನೊಂದು ಐವತ್ತರ ಆಚೆ. ಅಟ್ಟ ಹತ್ತಿದೆ.

ಪುಸ್ತಕ ಸಿಕ್ಕಿತು, ಒಂದಲ್ಲ ಎರಡು. ಒಂದರ ಹೊದಿಕೆಯ ಮೇಲೆ ಹಾಯಿದೋಣಿ. ಅದನ್ನು ಬರೆದ ಮೂವರಲ್ಲಿ ಒಬ್ಬರು ಮುಂಬಯಿ ಐಐಟಿಯ ಸುದರ್ಶನ್ ಎಂದು ನೋಡಿ ಸ್ವಲ್ಪ ಧೈರ್ಯ ಬಂತು. ರಘು ರಾಮಕೃಷ್ಣನ್ ಅವರ ಇನ್ನೊಂದನ್ನು ತೆರೆದರೆ ಅದರ ಒಳಗೂ ದೋಣಿ! ನಾವಿಕರ ಒಂದು ಟೇಬಲ್ಲು, ದೋಣಿಗಳ ಒಂದು ಟೇಬಲ್ಲು, ಯಾವ ನಾವಿಕ ಯಾವ ದೋಣಿಯನ್ನು ಯಾವ ದಿನ ಕಾಯ್ದಿರಿಸಿದ ಎಂಬುದಕ್ಕೆ ಮೂರನೆಯದು. ಕೆಂಪು ದೋಣಿ ಕಾಯ್ದಿರಿಸಿದ ನಾವಿಕರ ಹೆಸರು ಹುಡುಕಿ ಎಂದು ಪ್ರಶ್ನೆ. ತುಂಗೆಯಲ್ಲಿ ತೆಪ್ಪ, ಹರಿಗೋಲು ಬಿಟ್ಟರೆ ಬೇರೆ ನೋಡದವನಿಗೆ ದೋಣಿಗೂ ರಿಸರ್ವೇಶನ್ ಇರುತ್ತದೆ ಎಂಬುದೇ ಹೊಸ ವಿದ್ಯೆ. ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಓದಿದ ಮಕ್ಕಳೆಲ್ಲ ಈ ಕೆಂಪು ದೋಣಿಯನ್ನು ಹುಡುಕಿಯೇ ಪಾಸಾಗಿ ಬೆಂಗಳೂರಿಗೆ ಹೋದವರು. ನನ್ನ ಮಗಳೂ ಅವರಲ್ಲೊಬ್ಬಳು. ಭಾನುವಾರ ರಾತ್ರಿ ಊಟವಾದ ಮೇಲೆ ವಿಡಿಯೋ ಕಾಲ್‌ನಲ್ಲಿ ಪಾಠ ಹೇಳುವುದಾಗಿ ಒಪ್ಪಿದಳು. ನಾನು ಮಗ್ಗಿ ಬಾಯಿಪಾಠ ಮಾಡಿಸಿದ ಸೇಡು ತೀರಿಸಿಕೊಳ್ಳುವ ಅವಕಾಶ ಅವಳಿಗೆ ಮತ್ತೆ ಯಾವಾಗ ಸಿಕ್ಕೀತು?

"ಅಪ್ಪಾಜಿ, ಮೊದಲು ಪ್ರೈಮರಿ ಕೀ. ಆ ಒಂದನ್ನ ಹೇಳಿದ್ರೆ ಆ ಸಾಲೇ ಸಿಗಬೇಕು, ಪಕ್ಕದ ಸಾಲು ಸಿಗಬಾರದು."

"ಹೆಸರು ಸಾಲದೇನಮ್ಮ?"

"ನಿಮ್ಮ ಸೊಸೈಟಿ ಬಾಗಿಲಲ್ಲಿ ನಿಂತು ಬಸವರಾಜ ಅಂತ ಕೂಗಿ ನೋಡಿ."

ಕೂಗಬೇಕಾಗಿಯೇ ಇಲ್ಲ. ಗೊಬ್ಬರದ ಕ್ಯೂನಲ್ಲಿ ಅರ್ಧ ಜನ ತಿರುಗುತ್ತಾರೆ. ಕಂದಾಯ ಇಲಾಖೆ ಈ ತೊಂದರೆಯನ್ನು ಹಿಂದೆಯೇ ಕಂಡು ಇಂಥವ ಬಿನ್ ಇಂಥವ, ಇಂಥವಳು ಕೋಂ ಇಂಥವ ಎಂದು ಎರಡೆರಡು ಹೆಸರು ಜೋಡಿಸಿತು. ಇದು ಕಾಂಪೋಸಿಟ್ ಕೀ ಎಂದು ಮಗಳು ಮೆಚ್ಚಿಕೊಂಡಳು. ಆದರೆ ಇಲಾಖೆಗೆ ನಮ್ಮ ಅಜ್ಜಂದಿರ ಮಹಿಮೆ ಪೂರ್ತಿ ತಿಳಿದಿರಲಿಲ್ಲ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಪದ್ಧತಿ. ಹಾಗಾಗಿ ಅಜ್ಜ ಬಸವರಾಜ ಬಿನ್ ಹಾಲಪ್ಪ, ಅವನ ಮಗ ಹಾಲಪ್ಪ ಬಿನ್ ಬಸವರಾಜ, ಮೊಮ್ಮಗ ಮತ್ತೆ ಬಸವರಾಜ ಬಿನ್ ಹಾಲಪ್ಪ. ಅಜ್ಜ ಮಾಡಿದ ಸಾಲ ಮೊಮ್ಮಗನ ತಲೆಗೆ ಬರಲು ಯಾರೂ ಮೋಸ ಮಾಡಬೇಕಾಗಿಲ್ಲ, ಗುಮಾಸ್ತ ಪ್ರಾಮಾಣಿಕನಾಗಿದ್ದರೆ ಸಾಕು.

ಇನ್ನೊಂದು ನಿಯಮ: ಕೀ ಬದಲಾಗಬಾರದು. ಹೆಸರಿಗೆ ಬದಲಾಗುವ ಚಟವಿದೆ. ಭದ್ರಾವತಿ ಒಂದು ಕಾಲಕ್ಕೆ ಬೆಂಕಿಪುರವಾಗಿತ್ತು. 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಅಧಿಕೃತವಾಗಿ ಬದಲಾದಾಗ ಶಿಮೊಗ್ಗ ಶಿವಮೊಗ್ಗವಾಯಿತು. ಊರಿನ ಹೆಸರನ್ನು ಒಂದೇ ಕಡೆ ಬರೆದಿಟ್ಟು ಉಳಿದವರೆಲ್ಲ ಅದರ ಸಂಖ್ಯೆಯನ್ನಷ್ಟೇ ಇಟ್ಟುಕೊಂಡಿದ್ದರೆ ಒಂದು ಸಾಲು ತಿದ್ದಿ ಎಲ್ಲರೂ ಊಟಕ್ಕೆ ಹೋಗಬಹುದಿತ್ತು. ಹೆಸರು ಸಾವಿರಾರು ಬೋರ್ಡಿನ ಮೇಲೆ, ಸೀಲಿನ ಮೇಲೆ, ಲೆಟರ್‌ಹೆಡ್ಡಿನ ಮೇಲೆ ಕೂತಿತ್ತಲ್ಲ, ಇವತ್ತಿಗೂ ಎಲ್ಲಾದರೊಂದು ಶಟರಿನ ಮೇಲೆ ಹಳೆಯ ಶಿಮೊಗ್ಗ ಇಣುಕುತ್ತದೆ. ಜಾಣತನ ತೋರಿದ್ದು ರೈಲ್ವೆ. ನಿಲ್ದಾಣದ ಹಲಗೆಯ ಮೇಲೆ ಹೆಸರು ಬದಲಿಸಿತು, ಟಿಕೆಟ್ಟಿನ ಕೋಡು ಮಾತ್ರ ಅದೇ ಎಸ್‌ಎಂಇಟಿ. ಅದರೊಳಗೆ ಹಳೆಯ ಶಿಮೊಗ್ಗ ಟೌನ್ ಮುದುಡಿ ಕೂತಿರುವುದು ಯಾರಿಗೂ ತೊಂದರೆ ಕೊಟ್ಟಿಲ್ಲ. ರೈಲು ತಡವಾಗುವುದಕ್ಕೆ ಬೇರೆ ಕಾರಣಗಳಿವೆ.

ಈ ಶಾಸ್ತ್ರದ ಮೂಲಪುರುಷ ಎಡ್ಗರ್ ಕಾಡ್. ಭದ್ರಾವತಿಯಲ್ಲಿ ಕಬ್ಬಿಣ ಕರಗಿದ 1923ರಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ಆಮೇಲೆ ಐಬಿಎಂ ಸೇರಿದವರು. ಅವರಿಗಿಂತ ಮುಂಚೆ ದೊಡ್ಡ ದೊಡ್ಡ ಲೆಕ್ಕಗಳನ್ನು ವಂಶವೃಕ್ಷದ ರೀತಿಯಲ್ಲಿ ಇಡುತ್ತಿದ್ದರು. ಚಂದ್ರನಿಗೆ ಹೋದ ರಾಕೆಟ್ಟಿನ ಬಿಡಿಭಾಗಗಳ ಲೆಕ್ಕಕ್ಕಾಗಿ ಐಬಿಎಂ ಮಾಡಿದ್ದೂ ಅಂಥದ್ದೇ: ತಾಯಿಬೇರಿನಿಂದ ಹೊರಟು ಕೊಂಬೆ ಹಿಡಿದು ಹೋಗಬೇಕು, ಪ್ರತಿ ಮಗುವಿಗೂ ಒಬ್ಬನೇ ತಂದೆ, ಎಲೆ ಬೇಕಾದರೆ ದಾರಿ ಗೊತ್ತಿರಬೇಕು. 1970ರಲ್ಲಿ ಕಾಡ್ ಒಂದು ಪ್ರಬಂಧ ಬರೆದು, ದಾರಿ ಕೇಳುವ ಕೆಲಸವೇ ಬೇಡ, ಎಲ್ಲವನ್ನೂ ಸರಳ ಕೋಷ್ಟಕಗಳಲ್ಲಿಡಿ, ಏನು ಬೇಕೆಂದು ಹೇಳಿ ಸಾಕು, ಹುಡುಕುವುದು ಯಂತ್ರದ ತಲೆನೋವು ಎಂದರು. ಅವರ ಕಂಪನಿಗೇ ಅದು ಬೇಗ ರುಚಿಸಲಿಲ್ಲ. ಆಗಲೇ ಒಂದು ವೃಕ್ಷ ಚೆನ್ನಾಗಿ ಫಲ ಕೊಡುತ್ತಿರುವಾಗ ಕಡಿಯುವುದು ಯಾರಿಗೆ ಇಷ್ಟ? 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಇವತ್ತು ನಮ್ಮ ಬ್ಯಾಂಕಿನ ಪಾಸ್‌ಬುಕ್ಕಿನಿಂದ ಪಹಣಿಯ ತನಕ ಆ ಕೋಷ್ಟಕಗಳದೇ ರಾಜ್ಯಭಾರ.

ಬರೀ ದೋಣಿಗಳಿಂದ ವಿದ್ಯೆ ಹತ್ತುವುದಿಲ್ಲ, ನಿಮ್ಮದೇ ಯಾವುದಾದರೂ ಲೆಕ್ಕ ತನ್ನಿ ಎಂದಳು ಮಗಳು. ಸೊಸೈಟಿಯ ಲೆಕ್ಕ ತರುವಂತಿಲ್ಲ. ಮನೆಯಲ್ಲಿದ್ದದ್ದು ಅಪ್ಪನ ಮುಯ್ಯಿ ಪುಸ್ತಕಗಳು.

ಅಪ್ಪ ಕಾರ್ಖಾನೆಯ ತೂಕದ ಮನೆಯಲ್ಲಿ ಕಬ್ಬಿನ ಗಾಡಿಗಳ ಲೆಕ್ಕ ಬರೆಯುತ್ತಿದ್ದವರು. ಗಾಡಿ ಬಂದದ್ದು ಎಷ್ಟಕ್ಕೆ, ತುಂಬಿದ ತೂಕವೆಷ್ಟು, ಖಾಲಿ ತೂಕವೆಷ್ಟು ಎಂದು ಬರೆದೂ ಬರೆದೂ ಅವರ ಅಂಕಿಗಳು ಅಚ್ಚಿನಂತೆ ಕಾಣುತ್ತಿದ್ದವು. ಅದರಿಂದಾಗಿ ಹರಿಗೆಯಿಂದ ಮಾಚೇನಹಳ್ಳಿಯವರೆಗೆ ಯಾರ ಮನೆಯ ಮದುವೆಯಾದರೂ ಚಪ್ಪರದ ಬಾಗಿಲಲ್ಲಿ ಮೇಜು ಹಾಕಿ ಮುಯ್ಯಿ ಬರೆಯಲು ಅವರನ್ನೇ ಕೂರಿಸುತ್ತಿದ್ದರು. ಮೊದಲ ಪಂಕ್ತಿಯ ಊಟ ಅವರಿಗೆ ಒಮ್ಮೆಯೂ ಸಿಕ್ಕಿದ್ದಿಲ್ಲ. ನಮ್ಮ ಮನೆಯ ಪುಸ್ತಕವನ್ನು ಅವರು ಎರಡು ಕಡೆಯಿಂದ ಬರೆದಿದ್ದರು: ಮುಂದಿನಿಂದ ನಮಗೆ ಬಂದದ್ದು, ತಿರುಗಿಸಿ ಹಿಂದಿನಿಂದ ನಾವು ಕೊಟ್ಟದ್ದು. "ನೋಡಿದ್ರಾ, ಅಜ್ಜ ಆಗ್ಲೇ ಎರಡು ಟೇಬಲ್ ಮಾಡಿದ್ರು!" ಎಂದು ಮಗಳು ಕುಣಿದಳು. ಕುಣಿತ ಮೊದಲ ಪುಟ ತೆರೆಯುವವರೆಗೆ.

ಮೊದಲ ಪುಟದ ಮೊದಲ ಸಾಲು: 'ಮೇಷ್ಟ್ರು – 51 ರೂ., ಒಂದು ಟವೆಲ್ಲು, ಮನೆಯವರಿಂದ ಕುಪ್ಪಸದ ಕಣ, ಗಡಿಯಾರ (ಮೂವರು ಸೇರಿ).' ಟೇಬಲ್ಲಿನ ಒಂದು ಮನೆಯಲ್ಲಿ ಒಂದೇ ಮೌಲ್ಯ ಇರಬೇಕು ಎಂಬುದು ಫಸ್ಟ್ ನಾರ್ಮಲ್ ಫಾರ್ಮ್. ಇಲ್ಲಿ ಒಂದು ಮನೆಯಲ್ಲಿ ಮೂರು ಮನೆಯವರೇ ಇದ್ದರು. ಆ ಗಡಿಯಾರದಲ್ಲಿ ಮೇಷ್ಟ್ರ ಪಾಲು ಎಷ್ಟು, ಮಿಕ್ಕ ಇಬ್ಬರು ಯಾರು, ಅವರ ಸಾಲಿನಲ್ಲಿ ಗಡಿಯಾರ ಏಕಿಲ್ಲ? ಕೆಳಗೆ ಮತ್ತೊಂದು ಸಾಲು: 'ಹೊಸ ಮೇಷ್ಟ್ರು – 21.' ಆ ಹೊಸ ಮೇಷ್ಟ್ರು ನಿವೃತ್ತರಾಗಿ, ಮೊಮ್ಮಕ್ಕಳನ್ನೂ ಕಂಡು ತೀರಿಕೊಂಡು ಬಹಳ ಕಾಲವಾಯಿತು. ಪುಸ್ತಕದಲ್ಲಿ ಮಾತ್ರ ಹೊಸಬರಾಗಿಯೇ ಉಳಿದಿದ್ದಾರೆ. ಇನ್ನು 'ನಿದಿಗೆ ಅತ್ತೆ', 'ಅಂಗಡಿಯವರು', 'ಬೋರ್‌ವೆಲ್ಲಿನವನು', 'ಜನ್ನಾಪುರದ ಕಡೆಯವರು (ಎತ್ತರದವರು)'. ಒಂದು ಸಾಲಿನಲ್ಲಂತೂ ಅಪ್ಪ 'ಇವರು' ಎಂದಷ್ಟೇ ಬರೆದು ಮುಂದೆ 101 ಎಂದು ಹಾಕಿದ್ದರು. ಯಾರೋ ಎದುರಿಗೇ ನಿಂತಿದ್ದರು, ಹೆಸರು ಕೇಳಲು ಸಂಕೋಚವಾಗಿರಬೇಕು.

"ಅಪ್ಪಾಜಿ, 'ಇವರು' ಯಾರು?"

"ನಿಮ್ಮಜ್ಜನ್ನೇ ಕೇಳಬೇಕು."

ಕೇಳುವಂತಿರಲಿಲ್ಲ. ಅಪ್ಪ ಹೋಗಿ ಕೆಲವು ವರ್ಷಗಳಾಗಿದ್ದವು. ಆಗ ಫೋನನ್ನು ಅವ್ವನ ಮುಂದೆ ಹಿಡಿದೆವು.

ಅವ್ವನಿಗೆ ಓದಲು ಬರುವುದಿಲ್ಲ. ನಾನು ಸಾಲು ಓದುವುದು, ಅವಳು ಎಲೆಯಡಿಕೆ ಮೆಲ್ಲುತ್ತ ಬಿಡಿಸಿ ಹೇಳುವುದು, ಅತ್ತ ಬೆಂಗಳೂರಿನಲ್ಲಿ ಮಗಳು ಬೆರಳಚ್ಚು ಮಾಡಿಕೊಳ್ಳುವುದು. "ಅಂಗಡಿಯವರು ಅಂದ್ರೆ ಈಗಿನ ಅಂಗಡಿ ಅಲ್ಲ. ಅದರ ಹಿಂದೆ ಒಂದು ಹಂಚಿನ ಅಂಗಡಿ ಇತ್ತಲ್ಲ, ಅವರು. ಅವರ ಎರಡನೇ ಸೊಸೆ ನಮ್ಮ ನಿದಿಗೆ ಅತ್ತೆ ತಂಗಿ ಮಗಳು. ಹಂಗಾಗಿ ಅವರು ಕೊಟ್ಟದ್ದು ಅಂಗಡಿ ಲೆಕ್ಕಕ್ಕೆ ಸೇರಲ್ಲ, ತೌರಿನ ಲೆಕ್ಕಕ್ಕೆ ಸೇರುತ್ತೆ." ಎರಡು ಟೇಬಲ್ಲುಗಳನ್ನು ಸೇರಿಸಿ ನೋಡುವುದಕ್ಕೆ ಜಾಯಿನ್ ಎನ್ನುತ್ತಾರೆ. ಅವ್ವ ಐದು ಟೇಬಲ್ಲಿನ ಜಾಯಿನ್ನನ್ನು ಅಡಿಕೆ ಕತ್ತರಿಸುವಷ್ಟರಲ್ಲಿ ಮುಗಿಸುತ್ತಿದ್ದಳು. 'ಇವರು' ಯಾರೆಂದು ಕೇಳಿದಾಗ ಮಾತ್ರ ಕತ್ತರಿ ಕೆಳಗಿಟ್ಟಳು. "ಎಷ್ಟು? ನೂರೊಂದಾ? ಆಗಿನ ಕಾಲಕ್ಕೆ ನೂರೊಂದು ಕೊಡೋರು ಯಾರಪ್ಪಾ..." ಎಂದು ಆ ವಾರವೆಲ್ಲ ಯೋಚಿಸಿದಳು. ಗೊತ್ತಾಗಲಿಲ್ಲ. ಇಷ್ಟು ವರ್ಷ ಒಬ್ಬರ ಋಣ ಗುರುತಿಲ್ಲದೆ ಮನೆಯಲ್ಲಿ ಕೂತಿದೆ ಎಂಬುದು ಅವಳ ನಿದ್ದೆ ಕೆಡಿಸಿತು.

ಪೀಟರ್ ಚೆನ್ ಎಂಬವರು 1976ರಲ್ಲಿ ಹಾಕಿಕೊಟ್ಟ ಚಿತ್ರಪದ್ಧತಿ ಒಂದಿದೆ. ವ್ಯಕ್ತಿ, ವಸ್ತುಗಳಿಗೆ ಚೌಕ, ಅವುಗಳ ನಡುವಣ ಸಂಬಂಧಕ್ಕೆ ವಜ್ರಾಕೃತಿ, ಜೋಡಿಸಲು ಗೆರೆ. ಡೇಟಾಬೇಸ್ ಕಟ್ಟುವ ಮೊದಲು ಇದನ್ನು ಬರೆಯಬೇಕು. ಅಮೆರಿಕದಲ್ಲಿ ಇದು ಸುಲಭವಿದ್ದೀತು. ನಮ್ಮಲ್ಲಿ ಅಕ್ಕನ ಮಗಳನ್ನೇ ತಂದುಕೊಂಡ ಮನೆಗಳಿವೆ. ಅಲ್ಲಿ ಅಕ್ಕನೇ ಅತ್ತೆ, ಭಾವನೇ ಮಾವ, ಮಕ್ಕಳಿಗೆ ಒಬ್ಬಳೇ ಅಜ್ಜಿಯೂ ಮುತ್ತಜ್ಜಿಯೂ. ಮಗಳು ಎರಡು ಸಂಜೆ ಕೂತು ಚಿತ್ರ ಬರೆದು ಕಳಿಸಿದಳು. ಅವ್ವ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ರಂಗೋಲಿ ಚೆನ್ನಾಗೈತೆ, ಈ ಮೂಲೇಲಿ ಒಂದು ಎಳೆ ಕೂಡಿಲ್ಲ ನೋಡು" ಎಂದು ಬೆರಳಿಟ್ಟಳು. ಬೆರಳಿಟ್ಟ ಜಾಗದಲ್ಲಿ ನಿಜಕ್ಕೂ ಒಂದು ಸಂಬಂಧ ಬಿಟ್ಟುಹೋಗಿತ್ತು.

ನನ್ನನ್ನು ಹೆಚ್ಚು ಕಾಡಿದ್ದು ನಲ್. ಒಂದು ಮನೆಯಲ್ಲಿ ಏನೂ ಬರೆಯದೆ ಬಿಟ್ಟರೆ ಅದು ನಲ್. ಅದು ಸೊನ್ನೆಯಾಗದು, ಖಾಲಿ ಅಕ್ಷರವೂ ಆಗದು; ಎರಡು ನಲ್‌ಗಳು ಒಂದಕ್ಕೊಂದು ಸಮವೇ ಎಂದು ಕೇಳಿದರೆ ಯಂತ್ರ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. ಅಪ್ಪನ ಪುಸ್ತಕದಲ್ಲಿ ಹೆಸರಿದ್ದು ಮೊತ್ತವಿಲ್ಲದ ಸಾಲುಗಳು ಬೇಕಾದಷ್ಟಿದ್ದವು. ಮಗಳು ಅಲ್ಲೆಲ್ಲ ನಲ್ ತುಂಬುತ್ತ ಹೋದಳು. ಅವ್ವ ತಡೆದಳು. ಈ ಸಾಲಿನವರು ಬಂದಿದ್ದರು, ಕೊಡಲು ಕೈಯಲ್ಲಿರಲಿಲ್ಲ, ಊಟ ಬಡಿಸಲು ನಿಂತುಬಿಟ್ಟರು. ಈ ಸಾಲಿನವರು ಕೊಟ್ಟರು, ಬರೀಬೇಡ ಅಂದರು. ಇವರು ಬರುತ್ತಾರೆಂದು ಹೆಸರು ಮೊದಲೇ ಬರೆದಿಟ್ಟಿದ್ದು, ಬರಲಿಲ್ಲ. ಅವತ್ತಿನಿಂದ ಮಾತೂ ಇಲ್ಲ. ಮೂರು ಬಗೆಯ ಖಾಲಿಗೆ ಒಂದೇ ನಲ್ ಹಾಕಿದರೆ ಹೇಗೆ?

ಆಮೇಲೆ ಓದಿದರೆ, ಇದೇ ಜಗಳ ಕಾಡ್ ಅವರ ಮನಸ್ಸಿನಲ್ಲೂ ನಡೆದಿತ್ತು. ಖಾಲಿ ಎಂದರೆ ಒಂದೇ ಬಗೆ ಸಾಲದು, ಇರಬೇಕಾದ್ದು ತಿಳಿದಿಲ್ಲ ಎನ್ನುವ ಖಾಲಿಗೂ ಅದು ಇರುವ ಪ್ರಸಂಗವೇ ಅಲ್ಲ ಎನ್ನುವ ಖಾಲಿಗೂ ಬೇರೆ ಬೇರೆ ಗುರುತು ಬೇಕು ಎಂದು ಅವರು ಕೊನೆಗಾಲದ ಪುಸ್ತಕದಲ್ಲಿ, 1990ರಲ್ಲಿ, ವಾದಿಸಿದರು. ತಂತ್ರಾಂಶ ಮಾಡುವವರು ಕಿವಿಗೊಡಲಿಲ್ಲ. ಅವ್ವನ ಎರಡನೆಯ ಬಗೆ, ಕೊಟ್ಟೂ ಬರೆಸದ ಖಾಲಿ, ಕಾಡ್ ಅವರಿಗೂ ಹೊಳೆದಿರಲಿಲ್ಲ. ಅವರ ಕಡೆಯ ಮದುವೆಗಳಲ್ಲಿ ಮೇಜು ಹಾಕುವುದಿಲ್ಲವೇನೋ.

ಮದುವೆಯ ಮಾತು ಬಂದಿತಲ್ಲ, ಟ್ರಾನ್ಸಾಕ್ಷನ್ ಅಧ್ಯಾಯ ನೆನಪಾಗುತ್ತದೆ. ನನ್ನ ಖಾತೆಯಿಂದ ನಿಮ್ಮ ಖಾತೆಗೆ ನೂರು ರೂಪಾಯಿ ಹೋಗಬೇಕು. ನನ್ನದರಲ್ಲಿ ಕಳೆದು ನಿಮ್ಮದರಲ್ಲಿ ಕೂಡುವಷ್ಟರಲ್ಲಿ ಕರೆಂಟು ಹೋಯಿತು ಅನ್ನಿ. ಎರಡೂ ಆಗಬೇಕು, ಇಲ್ಲವೇ ಎರಡೂ ಆಗದಂತೆ ಹಿಂದಕ್ಕೆ ಬರಬೇಕು; ನಡುವೆ ನಿಲ್ಲುವಂತಿಲ್ಲ. ಇದನ್ನು ಗಟ್ಟಿಯಾಗಿ ಕಟ್ಟಿಕೊಟ್ಟವರು ಜಿಮ್ ಗ್ರೇ. 1981ರ ಪ್ರಬಂಧವೊಂದರಲ್ಲಿ ಅವರು ಕೊಟ್ಟ ಉದಾಹರಣೆಯೇ ಕ್ರೈಸ್ತರ ಮದುವೆ: ಪಾದ್ರಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ, ಇಬ್ಬರೂ ಒಪ್ಪಿದರೆ ಮದುವೆಯಾಯಿತೆಂದು ಸಾರುತ್ತಾರೆ, ಒಬ್ಬರು ಒಪ್ಪದಿದ್ದರೂ ಇಡೀ ವ್ಯವಹಾರ ರದ್ದು. ನಮ್ಮಲ್ಲಿ ಅಷ್ಟು ಸೌಜನ್ಯವಿಲ್ಲ. ಐನೋರು ಗಂಡನ್ನೂ ಕೇಳುವುದಿಲ್ಲ, ಹೆಣ್ಣನ್ನೂ ಕೇಳುವುದಿಲ್ಲ. ಯಾರೋ ಗಟ್ಟಿಮೇಳ ಎಂದು ಕೂಗುತ್ತಾರೆ, ಡೋಲಿನ ಸದ್ದಿನಲ್ಲಿ ಕಮಿಟ್ ಆಗಿಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಬರುವ ಮಾತೇ ಇಲ್ಲ.

ಮುಯ್ಯಿಯದು ಇದಕ್ಕಿಂತ ವಿಚಿತ್ರ ವ್ಯವಹಾರ. ಅವರ ಮಗಳ ಮದುವೆಗೆ ನಾವು ಕೊಟ್ಟದ್ದು ಕಳೆಯುವ ಅರ್ಧ. ನಮ್ಮ ಮನೆಯಲ್ಲಿ ಒಂದು ಮದುವೆಯಾಗಿ ಅವರು ಅದರ ಮೇಲೆ ಒಂದಿಷ್ಟು ಹಾಕಿ ತಂದುಕೊಟ್ಟರೆ ಕೂಡುವ ಇನ್ನರ್ಧ. ನಡುವೆ ಇಪ್ಪತ್ತೈದು ವರ್ಷ ಹೋಗಬಹುದು, ಕಾರ್ಖಾನೆ ಮುಚ್ಚಬಹುದು, ಕೊಟ್ಟವನೇ ಹೋಗಬಹುದು. ಅಷ್ಟು ದಿನವೂ ಆ ವ್ಯವಹಾರ ಬಾಯಿ ತೆರೆದುಕೊಂಡೇ ಇರುತ್ತದೆ, ಯಾರಿಗೂ ಆತುರವಿಲ್ಲ. ಒಂದು ಬಾಕಿ ಇರುವವರೆಗೆ ಆ ಮನೆಯವರ ಕರೆಯೋಲೆ ತಪ್ಪದೆ ಬರುತ್ತದೆ ಎಂಬ ಭರವಸೆ ಇದೆ. ಲೆಕ್ಕ ಪೂರ್ತಿ ಚುಕ್ತಾ ಮಾಡುವವರನ್ನು ಕಂಡರೆ ಅವ್ವನಿಗೆ ಅನುಮಾನ. "ಇನ್ನು ಬರಲ್ಲ ಅಂತ ಕಾಣುತ್ತೆ" ಎನ್ನುತ್ತಾಳೆ.

ಗ್ರೇ 2007ರ ಜನವರಿ 28ರಂದು ತಾಯಿಯ ಚಿತಾಭಸ್ಮವನ್ನು ಸಮುದ್ರಕ್ಕೆ ಬಿಡಲೆಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಒಬ್ಬರೇ ಹಾಯಿದೋಣಿಯಲ್ಲಿ ಹೊರಟರು. ಮರಳಲಿಲ್ಲ. ಉಪಗ್ರಹದ ಚಿತ್ರಗಳನ್ನು ತುಂಡು ತುಂಡಾಗಿಸಿ ಸಾವಿರಾರು ಜನ ತಮ್ಮ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಕೂತು ಹುಡುಕಿದರು. ದೋಣಿಯೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ಕಾನೂನಿನ ಪ್ರಕಾರ ಅವರು ತೀರಿಕೊಂಡರೆಂದು ನ್ಯಾಯಾಲಯ ಹೇಳಿದ್ದು 2012ರಲ್ಲಿ. ಯಾವ ಕೆಲಸವೂ ನಡುವೆ ನಿಲ್ಲಬಾರದು ಎಂದು ಲೋಕದ ಯಂತ್ರಗಳಿಗೆಲ್ಲ ಕಲಿಸಿದವರ ಮನೆಯವರು ಐದು ವರ್ಷ ನಡುವೆಯೇ ನಿಂತಿರಬೇಕಾಯಿತು. ಮಗಳು ಈ ಸಂಗತಿ ಹೇಳಿದ ರಾತ್ರಿ ನಾವು ಪಾಠ ಮುಂದುವರಿಸಲಿಲ್ಲ.

ಮುಂದಿನ ವಾರ ಫಾರಿನ್ ಕೀ. ಒಂದು ಟೇಬಲ್ಲಿನ ಸಾಲು ಇನ್ನೊಂದರ ಸಾಲನ್ನು ತೋರಿಸುತ್ತಿದ್ದರೆ, ತೋರಿಸಿದ್ದು ಅಲ್ಲಿ ಇರಲೇಬೇಕು. ಇಲ್ಲದ್ದನ್ನು ತೋರಿಸುವ ಸಾಲಿಗೆ ಅನಾಥ ಸಾಲು ಎಂದು ಹೆಸರು. ಒಳ್ಳೆಯ ಡೇಟಾಬೇಸ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಾನು ಅಭ್ಯಾಸಕ್ಕೆಂದು ನಮ್ಮ ಮನೆಯ ಸಾಲು ತುಂಬಿ, ಗುರುತಿನ ಕಾಲಮ್ಮಿನಲ್ಲಿ ಸಕ್ಕರೆ ಕಾರ್ಖಾನೆ ಎಂದು ಹಾಕಿದೆ. ಈಗ ನಡೆಯುತ್ತಿರುವ ಸಂಸ್ಥೆಗಳ ಟೇಬಲ್ಲಿನಲ್ಲಿ ಅದು ಇರಲಿಲ್ಲ. ಕೆಂಪಕ್ಷರದಲ್ಲಿ ಬೈಗುಳ ಬಂತು. ಕೊರಿಯರ್ ಹುಡುಗನಿಗೆ ಅರ್ಥವಾದದ್ದು ಇದಕ್ಕೆ ಆಗಲಿಲ್ಲ. ಇನ್ನೂ ಭಯಂಕರವಾದದ್ದು ಅದರ ಮುಂದಿನ ಪುಟದಲ್ಲಿತ್ತು: ಡಿಲೀಟ್ ಕ್ಯಾಸ್ಕೇಡ್. ತಂದೆ ಸಾಲನ್ನು ಅಳಿಸಿದರೆ ಅವನನ್ನು ಆತುಕೊಂಡ ಮಕ್ಕಳ ಸಾಲುಗಳೂ ಸರಸರನೆ ಅಳಿದುಹೋಗುತ್ತವೆ. ಭದ್ರಾವತಿಯ ಎರಡು ಕಾರ್ಖಾನೆಗಳಿಗೆ ಆತುಕೊಂಡಿದ್ದ ಕ್ವಾರ್ಟರ್ಸು, ಕ್ಯಾಂಟೀನು, ಸೈಕಲ್ ಶಾಪು, ಸಂಬಳದ ದಿನವೇ ತೆರೆಯುತ್ತಿದ್ದ ಸೀರೆ ಅಂಗಡಿಗಳನ್ನು ನೋಡಿದವನಿಗೆ ಈ ಆಜ್ಞೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರದ ಡೇಟಾಬೇಸಾದರೂ ಇಷ್ಟು ಕಟ್ಟುನಿಟ್ಟಾಗಿದೆಯೇ ಎಂದು ನೋಡಲು ನಮ್ಮದೇ ಪಹಣಿ ತೆಗೆದೆ. ಕರ್ನಾಟಕದ ಭೂಮಿ ಯೋಜನೆಯನ್ನು ಸಣ್ಣದೆನ್ನಲಾಗದು. ಈ ಶತಮಾನದ ಹೊಸ್ತಿಲಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರ ಬಗಲಿನಲ್ಲಿದ್ದ ಪುಸ್ತಕಗಳಿಂದ 2 ಕೋಟಿ ಪಹಣಿ, 67 ಲಕ್ಷ ರೈತರ ಹೆಸರು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು, ಕೈಬರಹದ ಪಹಣಿಗೆ ಬೆಲೆ ಹೋಯಿತು. ಕಂಪ್ಯೂಟರು ಸರ್ವೆ ನಂಬರ್ ಕೇಳುತ್ತದೆ, ಒಂದು ನಕ್ಷತ್ರ ಕೇಳುತ್ತದೆ, ಹಿಸ್ಸಾ ಕೇಳುತ್ತದೆ. ಮೂರೂ ಸೇರಿದರೆ ನಿಮ್ಮ ಜಮೀನು. ಕೀ ಸರಿಯಾಗಿಯೇ ಇದೆ. ಒಂಬತ್ತನೇ ಕಾಲಮ್ಮಿನಲ್ಲಿ ಮಾಲೀಕರ ಹೆಸರು. ನಮ್ಮ ಮೂವತ್ತು ಗುಂಟೆಯ ಎದುರು ಅಲ್ಲಿ ಅಜ್ಜ, ಅಜ್ಜನ ತಮ್ಮಂದಿರು ಎಲ್ಲರೂ ಒಟ್ಟಿಗಿದ್ದರು, ಯಾರ ಪಾಲು ಎಷ್ಟೆಂದಿಲ್ಲ, ಪಕ್ಕದಲ್ಲಿ 'ಜಂಟಿ' ಎಂದಿತ್ತು. ಫಸ್ಟ್ ನಾರ್ಮಲ್ ಫಾರ್ಮ್ ಮುರಿದದ್ದು ಅಪ್ಪ ಒಬ್ಬರೇ ಅಲ್ಲ ಎಂದು ಸಮಾಧಾನವಾಯಿತು. ಬದುಕಿದ್ದಾಗ ಒಂದು ಜಗಲಿಯಲ್ಲಿ ಕೂರದ ಅಣ್ಣತಮ್ಮಂದಿರು ತೀರಿಕೊಂಡ ಮೇಲೆ ಒಂದೇ ಕಾಲಮ್ಮಿನಲ್ಲಿ ಹೊಂದಿಕೊಂಡಿದ್ದಾರೆ.

ಇದನ್ನು ಸರಿಪಡಿಸಬೇಕೆಂದರೆ ಪೌತಿ ಖಾತೆ ಮಾಡಿಸಬೇಕು. ಅದಕ್ಕೆ ಮರಣ ಪತ್ರ ಬೇಕು, ಮತ್ತೆ ವಂಶವೃಕ್ಷ ಬೇಕು. ಕಾಡ್ ಕಡಿದು ಹಾಕಿದ ಮರವನ್ನು ಕೋಷ್ಟಕದವರೇ ಕೌಂಟರಿನಲ್ಲಿ ಕೇಳುತ್ತಾರೆ. ಸತ್ತವರ ಹೆಸರಿನಲ್ಲಿ ಉಳಿದ ಪಹಣಿಗಳಿಗಾಗಿ ಸರ್ಕಾರ ಪೌತಿ ಆಂದೋಲನವನ್ನೇ ನಡೆಸಬೇಕಾಗಿ ಬಂದದ್ದು ನೋಡಿದರೆ, ಅಜ್ಜನನ್ನು ಅಳಿಸಲು ಮನಸ್ಸು ಬಾರದವರು ನಾವೊಬ್ಬರೇ ಅಲ್ಲವೆಂದಾಯಿತು. ಮನಸ್ಸಿಲ್ಲ ಎನ್ನುವುದು ಪೂರ್ತಿ ಸತ್ಯವಲ್ಲ; ದಾಯಾದಿಗಳು ರುಜು ಹಾಕಬೇಕಲ್ಲ.

ಈ ನಡುವೆ ಮಗಳ ಮದುವೆ ಗೊತ್ತಾಯಿತು. ಕರೆಯೋಲೆಯ ಕರಡನ್ನು ಅವಳೇ ಬೆಂಗಳೂರಿನಿಂದ ಕಳಿಸಿದಳು. ಕೊನೆಯಲ್ಲಿ, ಈಗ ಎಲ್ಲರೂ ಹಾಕಿಸುವ ಸಾಲು: ನಿಮ್ಮ ಆಶೀರ್ವಾದವೇ ಉಡುಗೊರೆ. ಓದಿ ಹೇಳಿದೆ. ಅವ್ವ ಎಲೆಯಡಿಕೆ ಉಗುಳಿ ಬಂದು ಫೋನು ಇಸಿದುಕೊಂಡಳು.

"ಏನೇ ಇದು, ಮುಯ್ಯಿ ಬೇಡ ಅಂತ ಹಾಕ್ಸಿದೀಯಂತೆ?"

"ಈಗ ಯಾರೂ ತಗೊಳ್ಳಲ್ಲ ಅಜ್ಜಿ."

"ತಗೊಳ್ಳೋದಲ್ಲ ಕಣೇ, ಅವರು ಹಿಂದಕ್ಕೆ ಕೊಡೋದು. ನಿಮ್ಮಜ್ಜ ಊರೂರು ತಿರುಗಿ ಕೊಟ್ಟು ಬರೆದಿಟ್ಟು ಹೋಗಿದಾರೆ. ಬೇಡ ಅನ್ನೋಕೆ ನೀನ್ಯಾರು? ಆಮೇಲೆ ಆ ನೂರೊಂದು ಕೊಟ್ಟೋರು ಇದ್ದಾರಲ್ಲ, 'ಇವರು'. ಮದುವೇಗೆ ಬಂದು ಮೇಜಿನ ಹತ್ರ ನಿಂತ್ರೆ ತಾನೆ ಯಾರು ಅಂತ ಗೊತ್ತಾಗೋದು?"

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ರಾಜಿಯಾಯಿತು. ಕಾರ್ಡಿನಲ್ಲಿ ಆಶೀರ್ವಾದ ಇರಲಿ, ಊಟದ ಮನೆಯ ಬಾಗಿಲಲ್ಲಿ ಒಂದು ಮೇಜೂ ಇರಲಿ. ಉದ್ದನೆಯ ರಟ್ಟಿನ ಪುಸ್ತಕ ಬೇಡ, ಲ್ಯಾಪ್‌ಟಾಪಿನಲ್ಲಿ ಬರೆಯೋಣ, ಆದರೆ ತನ್ನದೊಂದು ಷರತ್ತು ಎಂದಳು: ಬಂದವರಿಗೆಲ್ಲ ಮೊದಲು ಒಂದೊಂದು ನಂಬರ್ ಕೊಡಬೇಕು, ಅಂಗಡಿಯವರು, ಹೊಸ ಮೇಷ್ಟ್ರು ಎಲ್ಲ ನಡೆಯುವುದಿಲ್ಲ.

"ನಂಬರ್ ಕೊಟ್ಟು?" ಎಂದಳು ಅವ್ವ. "ಎಂಟನೇ ನಂಬರಿನವರು ಊಟಕ್ಕೆ ಏಳಿ ಅಂತ ನಾನು ಕರೀಲಾ?"